ನ್ಯಾಯದ ಖಾರಪುಡಿ

ಪಾಠ ಮಕ್ಕಳಿಗೆ ಅರ್ಥವಾಗದಿದ್ದರೆ ಕಲಿಸುವವರಿಗೆ ಕಷ್ಟ ಎನ್ನುತ್ತಾರೆ. ನನ್ನ ಕಷ್ಟ ಶುರುವಾದದ್ದು ಅವರಿಗೆ ಪಾಠ ಪೂರ್ತಿ ಅರ್ಥವಾದ ಮೇಲೆ. ಆಮೇಲೆ ಇಂಥ ಪ್ರಸಂಗಗಳು ಒಂದರ ಹಿಂದೊಂದು ನನಗೇ ಗಂಟು ಬೀಳುತ್ತ ಹೋದವು.

ಬ್ಯಾಡಗಿಯ ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನದ ಟೀಚರ್. ಮೊಬೈಲ್ ಇದ್ದವರೂ ಬರೀ ಮಿಸ್ ಕಾಲ್ ಕೊಡುತ್ತಿದ್ದ ಕಾಲ ಅದು. ಧಾರವಾಡದ ತರಬೇತಿಯೊಂದರಲ್ಲಿ ‘ನ್ಯಾಯದ ವ್ಯಾಪಾರ’ ಎಂಬ ಮಾತು ಕೇಳಿ ಬಂದವಳು ಸುಮ್ಮನಿರಬಾರದೇ? ಒಂಬತ್ತನೇ ತರಗತಿಯವರ ಕೈಯಲ್ಲಿ ಖಾರಪುಡಿಯ ವ್ಯಾಪಾರ ಶುರು ಮಾಡಿಸಿದೆ. ದುಡಿದವರಿಗೆ ತಕ್ಕ ಕೂಲಿ, ಕೊಳ್ಳುವವರಿಗೆ ಸುಳ್ಳಿಲ್ಲದ ಮಾತು, ಲಾಭ ಉಳಿದರೆ ಊರಿನ ಕೆಲಸಕ್ಕೆ.

ಮೆಣಸಿನಕಾಯಿಯ ತೊಟ್ಟು ಬಿಡಿಸಿ ಕೊಡಲು ಮೋಟೆಬೆನ್ನೂರಿನ ಹೆಂಗಸರು ಒಪ್ಪಿದರು. ನನ್ನ ಮಾತು ನಂಬಿ ಸಾಹುಕಾರರೊಬ್ಬರ ಮೆಣಸಿನಕಾಯಿ ವಖಾರಿಯ ಕೂಲಿ ಬಿಟ್ಟು ಬಂದಿದ್ದರು. “ಹೋಗ್ರಿ, ಹೋಗ್ರಿ. ನಾಳೆ ನಮ್ಮ ಬಾಗಲಿಗೇ ಬರ್ತೀರಿ” ಎಂದು ಸಾಹುಕಾರರು ನಕ್ಕು ಕಳಿಸಿದ್ದರಂತೆ. ನಮ್ಮ ಪುಡಿ ಮಾರಾಟವಾಗದಿದ್ದರೆ ಅವರೆಲ್ಲ ತಲೆ ತಗ್ಗಿಸಿ ಅದೇ ಬಾಗಿಲಿಗೆ ಹೋಗಬೇಕು. ಆ ಹೆದರಿಕೆಗೆ ನನಗೆ ಊಟ ಸೇರುತ್ತಿರಲಿಲ್ಲ.

ಸತ್ಯದ ಅಂಗಡಿ

ಮೊದಲ ಮಾರಾಟ ಹಾವೇರಿ ಬಸ್ ಸ್ಟ್ಯಾಂಡಿನ ಹತ್ತಿರ, ಒಂದು ಟೇಬಲ್ ಹಾಕಿಕೊಂಡು. ಮಾತಿಗೆ ಮುಂದೆ ನಮ್ಮ ಎರಡು ಜಡೆಯ ಹುಡುಗಿ. ಒಬ್ಬ ಗಿರಾಕಿ ಪೊಟ್ಟಣ ಎತ್ತಿ ನೋಡಿದರು.

“ಛಲೋ ಖಾರ ಐತೇನವಾ?”

“ಇಲ್ರಿ. ನಮ್ಮ ಬ್ಯಾಡಗಿ ಕಾಯಿ ಖಾರ ಕಡಿಮಿ, ಬಣ್ಣ ಜಾಸ್ತಿ.” ಪೊಟ್ಟಣದ ಮೇಲೂ ಹಾಗೇ ಬರೆಯಬೇಕೆಂದು ಹಟ ಹಿಡಿದು ಬರೆಸಿದವಳು ಇವಳೇ.

“ನನಗ ಖಾರಂದು ಬೇಕಾಗಿತ್ತು.”

“ಎದುರಿನ ಅಂಗಡ್ಯಾಗ ಗುಂಟೂರಿಂದು ಸಿಗತೈತ್ರಿ. ಬರ್ರಿ, ತೋರಸ್ತೇನಿ.”

ಕೈ ಹಿಡಿದು ರಸ್ತೆ ದಾಟಿಸಿ ಬಿಟ್ಟು ಬಂದಳು. ಹಿಂದೆ ಬಂದ ಗಿರಾಕಿಗಳನ್ನೂ ಅಷ್ಟೇ ಮುತುವರ್ಜಿಯಿಂದ ದಾಟಿಸಿದಳು. ನಾನು ಕಣ್ಣು ಬಿಟ್ಟರೆ, “ಸುಳ್ಳ ಹೇಳಬಾರದು ಅಂತ ನೀವೇ ಹೇಳೀರಲ್ರೀ ಟೀಚರ್” ಎಂದಳು. ಸಂಜೆ ಎದುರಿನ ಅಂಗಡಿಯವರು ಖುಷಿಯಾಗಿ ನಮಗೆಲ್ಲ ಚಹಾ ಕಳಿಸಿದರು. ಅಂದಿನ ನಮ್ಮ ಲಾಭ ಆ ಚಹಾ ಒಂದೇ.

ಏರಿದ ಚೌಕಾಸಿ

ಮುಂದಿನ ಸಲ ರಾಣೆಬೆನ್ನೂರಿನ ಸಂತೆ. ಯಾರಾದರೂ ಚೌಕಾಸಿ ಮಾಡಿದರೆ ಬೆಲೆ ಇಳಿಸಬೇಡಿ, ಯಾರಿಗೆ ಎಷ್ಟು ಹೋಗುತ್ತದೆಂದು ತಿಳಿಸಿ ಹೇಳಿ ಎಂದಿದ್ದೆ. ಒಬ್ಬ ಹೆಣ್ಣುಮಗಳು ಬಂದು ಅರ್ಧ ಬೆಲೆಗೆ ಕೇಳಿದರು. ನಮ್ಮ ಕ್ಲಾಸ್ ಲೀಡರ್ ಎದ್ದು ನಿಂತು ಪಾಠ ಒಪ್ಪಿಸಿದ: ಬೆಳೆದವರಿಗೆ ಇಷ್ಟು, ತೊಟ್ಟು ಬಿಡಿಸಿದವರಿಗೆ ಇಷ್ಟು, ಗಿರಣಿಗೆ ಇಷ್ಟು.

ಅವರು ಸೋಲುವವರಲ್ಲ. “ಏನಪಾ, ದಿನಾ ಘಾಟಿನಾಗ ಕುಂತು ತೊಟ್ಟು ಬಿಡಸಾಕ ಇಷ್ಟೇ ಕೊಡ್ತೀರೇನು? ನಾಚಿಕಿ ಬರಂಗಿಲ್ಲ ನಿಮಗ?”

ಮಕ್ಕಳ ಮುಖ ಸಪ್ಪಗಾಯಿತು. ಟೇಬಲಿನ ಹಿಂದೆ ಗುಂಪುಗೂಡಿ ಗುಸುಗುಸು ಮಾತಾಡಿಕೊಂಡರು. ಲೀಡರ್ ವಾಪಸ್ ಬಂದು ಕೈಮುಗಿದ. “ನೀವು ಹೇಳಿದ್ದು ಖರೇ ಐತ್ರಿ. ಇನ್ನ ಎರಡು ರೂಪಾಯಿ ಜಾಸ್ತಿ ಕೊಡ್ರಿ, ಅವರಿಗೇ ಮುಟ್ಟಸ್ತೀವಿ.”

“ಅಯ್ಯ, ನಾ ಹಂಗ ಮಾತಿಗಂದೆ!” ಎಂದು ಅವರು ಪೊಟ್ಟಣ ಕೆಳಗಿಟ್ಟು ಹೋದವರು ಆ ಸಾಲಿನತ್ತ ಮತ್ತೆ ಸುಳಿಯಲಿಲ್ಲ. ಚೌಕಾಸಿ ಮಾಡಿದಷ್ಟೂ ಬೆಲೆ ಏರುವ ಅಂಗಡಿಯನ್ನು ಆ ಸಂತೆ ಅಂದೇ ಮೊದಲು ಕಂಡಿದ್ದಿರಬೇಕು.

ಕ್ರೀಡಾ ಕೋಣೆ

ಉಳಿದ ಪೊಟ್ಟಣಗಳೆಲ್ಲ ಶಾಲೆಯ ಕ್ರೀಡಾ ಕೋಣೆಯಲ್ಲಿ ಬಿದ್ದವು. ಪ್ರಾರ್ಥನೆಗೆ ನಿಂತವರೆಲ್ಲ ಸೀನತೊಡಗಿದರು. ಹೆಡ್ ಮಾಸ್ತರು ಕರವಸ್ತ್ರ ಮೂಗಿಗೆ ಒತ್ತಿಕೊಂಡು ಹೇಳಿದರು, “ಈ ತಿಂಗಳ ಕಡೀತನಕ ನೋಡ್ತೇನಿ ಟೀಚರ್. ಆಮ್ಯಾಲ ನಿಮ್ಮ ನ್ಯಾಯ ಬಂದ್.” ಇನ್ನೂ ಏನೋ ಗಂಭೀರವಾಗಿ ಹೇಳುವವರಿದ್ದರು, ಅಷ್ಟರಲ್ಲಿ ಅವರಿಗೂ ಸೀನು ಬಂತು.

ಬೆಂಗಳೂರಿನ ಮೇಡಂ

ಕಡೆಗೆ ದೇವರು ಕಣ್ಣು ಬಿಟ್ಟ. ಬೆಂಗಳೂರಿನಲ್ಲಿ ಇಂಥದೇ ಸಾಮಾನು ಮಾರುವ ಮೇಡಂ ಒಬ್ಬರು ಧಾರವಾಡದ ತರಬೇತಿಯವರ ಹತ್ತಿರ ನಮ್ಮ ಪೊಟ್ಟಣ ನೋಡಿ ಫೋನ್ ಮಾಡಿದರು. ವರ್ಷದ ಪುಡಿಯೆಲ್ಲ ತಾವೇ ಕೊಳ್ಳುತ್ತಾರಂತೆ. ಆದರೆ ಕೆಲಸ ಮಾಡುವವರನ್ನು ಕಣ್ಣಾರೆ ನೋಡಬೇಕು, ನಾಟಕ ಹೂಡಿ ಮೋಸ ಮಾಡಿದವರು ಬಹಳ ಎಂದರು. ನಾನು ಮೋಟೆಬೆನ್ನೂರಿಗೆ ಓಡಿ, “ದಿನಾ ಹೆಂಗಿರ್ತೀರೋ ಹಂಗ ಇರ್ರಿ” ಎಂದು ಬೇಡಿಕೊಂಡೆ. “ಆತ್ರಿ ಅಕ್ಕಾರ” ಎಂದರು ಎಲ್ಲರೂ.

ಮಕ್ಕಳನ್ನೂ ಕರೆದುಕೊಂಡು ಮೇಡಂ ಜೊತೆ ಹೋಗಿ ನೋಡುತ್ತೇನೆ, ಅಂಗಳ ಸಾರಿಸಿ ರಂಗೋಲಿ ಹಾಕಿದೆ! ಹುಡುಕಿದರೂ ಒಂದು ಮೆಣಸಿನಕಾಯಿ ಇಲ್ಲ. ಹೆಂಗಸರೆಲ್ಲ ಇಳಕಲ್ ಸೀರೆ ಉಟ್ಟು, ಹೂ ಮುಡಿದು ನಿಂತಿದ್ದಾರೆ. ಗುಂಪಿನ ಹಿರಿಯಾಕೆ ನನ್ನ ಕಿವಿಯಲ್ಲಿ, “ಮುಂಜಾನಿಂದ ಬಿಡಸಾಕತ್ತಿದ್ವಿ. ಮಂದಿ ಮನಿಗೆ ಬಂದಾಗ ಘಾಟು ಎಬ್ಬಸ್ತಾರೇನ್ರಿ? ಈಗ ಎಲ್ಲಾ ಒಳಗಿಟ್ವಿ” ಎಂದಳು. “ಕುಂದರ್ರಿ” ಎಂದೆ. ಸಾಲಾಗಿ ಕುಳಿತರು.

ಮೇಡಂ ಮುಖ ಗಂಟು ಹಾಕಿಕೊಂಡರು. “ಇವರು ಕೆಲಸದವರಾ? ಮದುವೆಗೆ ಬಂದ ಹಾಗಿದ್ದಾರೆ!” ಎಂದವರು ಎರಡು ಜಡೆಯ ಹುಡುಗಿಯತ್ತ ತಿರುಗಿದರು. “ನಿಜ ಹೇಳಮ್ಮ, ನಿಮ್ಮ ಟೀಚರೇ ಇವರನ್ನ ತಂದು ಕೂರಿಸಿದ್ರಾ?”

“ತಂದಿಲ್ರಿ. ಕುಂದ್ರಿಸಿದ್ದು ಖರೇ.”

ಮೇಡಂ ಕಾರಿನತ್ತ ನಡೆದರು. ಸಾಹುಕಾರರ ನಗು ಕಿವಿಯಲ್ಲಿ ಕೇಳಿಸಿತು. ಹಿರಿಯಾಕೆಗೆ ಇದಾವುದೂ ತಿಳಿಯದು, ಬಂದ ಮಂದಿ ಉಣ್ಣದೆ ಹೊರಟಿದ್ದಷ್ಟೇ ಕಂಡಿತು. “ಅಯ್ಯ ನಮ್ಮವ್ವಾ, ಹೋಳಿಗಿ ಮಾಡೇವಿ, ಉಣ್ಣಲಾರದ ಹೊಂಟೀಯಲ್ಲಾ! ಯಾರ ದೃಷ್ಟಿ ತಾಗಿತು?” ಎಂದು ಓಡಿ, ಮೇಡಂ ಗಲ್ಲ ಎರಡೂ ಕೈಯಲ್ಲಿ ಸವರಿ ದೃಷ್ಟಿ ತೆಗೆದಳು. ಒಬ್ಬಳು ತೆಗೆದ ಮೇಲೆ ಉಳಿದವರು ಬಿಟ್ಟಾರೆಯೇ? ಎಲ್ಲರೂ ಸವರಿದರು.

ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಮೇಡಂ “ಅಯ್ಯಯ್ಯೋ, ಉರಿ, ಉರಿ!” ಎಂದು ಕುಣಿಯತೊಡಗಿದರು. ಎಷ್ಟು ತೊಳೆದರೂ ತೊಟ್ಟು ಬಿಡಿಸಿದ ಕೈಯಿಂದ ಖಾರ ಹೋಗುತ್ತದೆಯೇ? ಮಕ್ಕಳು ಮಜ್ಜಿಗೆ ತಂದು ಅವರ ಕೆಂಪೇರಿದ ಮುಖಕ್ಕೆ ಹಚ್ಚಿದರು.

ಉರಿ ತುಸು ಇಳಿದ ಮೇಲೆ ಮೇಡಂ ಹಿರಿಯಾಕೆಯ ಕೈ ಹಿಡಿದು ತಿರುಗಿಸಿ ನೋಡಿದರು. ಅಂಗೈಯ ಬಿರುಕುಗಳಲ್ಲೆಲ್ಲ ಕೆಂಪು ಕೂತಿತ್ತು. “ಇದು ನಾಟಕದ ಕೈಯಲ್ಲ” ಎಂದರು. “ವರ್ಷದ ಪುಡಿ ಪೂರ್ತಿ ನನಗೇ ಇರಲಿ.” ನಾನು ಎಲ್ಲರೆದುರು ಅತ್ತೇಬಿಟ್ಟೆ. ಇವರಿಗೂ ಉರಿ ಹತ್ತಿತೆಂದು ಯಾರೋ ನನ್ನ ಮುಖಕ್ಕೂ ಮಜ್ಜಿಗೆ ಹಚ್ಚಿದರು.

ಕಾರು ಹತ್ತುವ ಮುಂಚೆ ಮೇಡಂ ಮೂಗು ಒರೆಸಿಕೊಳ್ಳುತ್ತ ಎರಡು ಜಡೆಯವಳನ್ನು ಕರೆದರು. “ಸುಳ್ಳು ಹೇಳಲ್ಲ ಅಂತೀರಿ. ಪೊಟ್ಟಣದ ಮೇಲೆ ಖಾರ ಕಡಿಮೆ ಅಂತ ಬರೆದಿದ್ದೀರಲ್ಲಮ್ಮ?”

ಅವಳು ಮೇಡಂ ಅವರ ಎರಡೂ ಗಲ್ಲಗಳನ್ನು ಬಹಳ ಹೊತ್ತು, ಬಹಳ ಶ್ರದ್ಧೆಯಿಂದ ನೋಡಿದಳು.

“ಬಣ್ಣ ಜಾಸ್ತಿ ಅಂತನೂ ಬರದೇವಲ್ರೀ ಮೇಡಂ.”