ಐದು ಪದಗಳ ಚೇತರಿಕೆ

ಫ್ರೀಸ್‌ಲಾಂಡಿನ ಒಂದು ನೆನಪು ಚಿಕಿತ್ಸಾ ಕೇಂದ್ರದಲ್ಲಿ ಮರೆವಿನ ರೋಗಿಗಳು ನೂರಕ್ಕೆ ನೂರು ಚೇತರಿಸಿಕೊಳ್ಳುತ್ತಾರೆ ಎಂಬುದು ದಾಖಲಿತ ಸಂಗತಿ. ಚೇತರಿಕೆಯನ್ನು ಅಳೆಯುವ ಅಧಿಕೃತ ಪದಗಳು ಐದು: ಏಣಿ, ಬಕೆಟ್, ಬಾತುಕೋಳಿ, ಸೂಜಿ, ಟೊಪ್ಪಿಗೆ. ತರಬೇತಿಗೂ ಅವೇ ಐದು. ಬೇರೆ ಕಲಿಸಿದರೆ ಪರೀಕ್ಷೆಯಲ್ಲಿ ರೋಗಿಗೆ ಗೊಂದಲವಾಗುತ್ತದೆ.

ಆಫ್ಕೆಗೆ ಬೇಕಾಗಿದ್ದದ್ದು ಆರನೆಯ ಪದ. ಐವತ್ತೆರಡು ವರ್ಷ ಜೊತೆಗೆ ಬಾಳಿದ ಗಂಡ ಡೌವೆ ಚಳಿಗಾಲದಿಂದ ಅವಳನ್ನು ‘ಯಾರಮ್ಮಾ ನೀನು’ ಎನ್ನುತ್ತಿದ್ದ. ಜೂನ್‌ನಲ್ಲಿ ತನಗೆ ಎಪ್ಪತ್ತೈದು ತುಂಬುವ ದಿನ ಅವನ ಬಾಯಲ್ಲಿ ತನ್ನ ಹೆಸರು ಕೇಳಬೇಕು, ಅಷ್ಟೇ. ಅದಕ್ಕೇ ಅವನನ್ನು ಆ ಕೇಂದ್ರಕ್ಕೆ ಸೇರಿಸಿದಳು.

ವಿಧಾನ ಸರಳ. ತಲೆಗೆ ಅಯಸ್ಕಾಂತದ ಸುರುಳಿ ಹಿಡಿದು ಟಕ್ ಟಕ್ ಅನ್ನಿಸುತ್ತ, ಎದುರಿನ ಪರದೆಯಲ್ಲಿ ಚಿತ್ರ ತೋರಿಸುವುದು.

ಮೂರನೆಯ ವಾರ ಪರದೆಯ ಮೇಲೆ ಏಣಿ ಬಂತು. ಡೌವೆ ಹೆಂಡತಿಯ ಕಡೆ ತಿರುಗಿ, “ಆಫ್ಕೆ” ಅಂದ.

ಅವಳು ಕಾಫಿ ಕೆಳಗಿಟ್ಟು ಎದ್ದು ನಿಂತಳು.

“ತಪ್ಪು,” ಎಂದು ತರಬೇತುದಾರ ಯೊರಿಟ್ ಕೆಂಪು ಗುಂಡಿ ಒತ್ತಿದ.

“ಅದು ನನ್ನ ಹೆಸರು ಕಣಪ್ಪಾ!”

“ಇರಬಹುದು ಮೇಡಂ. ಪಟ್ಟೀಲಿಲ್ಲ. ಪಟ್ಟೀಲಿಲ್ಲದ್ದು ನೆನಪಾದ್ರೆ ಅದನ್ನ ನಾವು ದೋಷ ಅಂತೀವಿ.”

“ಹಾಗಾದ್ರೆ ಸೇರಿಸ್ಕೊಳ್ಳಿ.”

“ಒಂದು ಭೇಟಿಗೆ ಒಂದೇ ವಿಷಯ. ಇವತ್ತಿಂದು ಏಣಿ. ಎರಡನೇದಕ್ಕೆ ಎರಡು ಭೇಟಿಯಷ್ಟು ಹೊತ್ತು ಕಾದಿರಿಸ್ಬೇಕು, ನವೆಂಬರ್‌ನಲ್ಲಿ ಖಾಲಿ ಇದೆ. ರೋಗೀನೇ ನೆನಪಿಟ್ಟು ಫೋನ್ ಮಾಡ್ಬೇಕು.”

ದೋಷ ನಿವಾರಣೆಗೆ ಹನ್ನೆರಡು ಹೆಚ್ಚುವರಿ ತರಗತಿಗಳು ಮಂಜೂರಾದವು. ‘ಆಫ್ಕೆ’ ಅಂದಾಗಲೆಲ್ಲ ಕೆಂಪು ದೀಪ. ಅವಳನ್ನು ನೋಡಿ ‘ಏಣಿ’ ಅಂದರೆ ಹಸಿರು, ಜೊತೆಗೆ ಒಂದು ಬಿಸ್ಕತ್ತು. ಒಂದು ಕೊಟ್ಟ ಕೂಡಲೇ ಬಿಸ್ಕತ್ತಿನ ಡಬ್ಬಿ ಮುಚ್ಚಿಬಿಡುತ್ತಿದ್ದರು. ಜೂನ್ ಬರುವಷ್ಟರಲ್ಲಿ ಡೌವೆ ಐದಕ್ಕೆ ಐದು ತೆಗೆದ. “ರೋಗಿಯು ಸಂಪೂರ್ಣ ಚೇತರಿಸಿಕೊಂಡಿದ್ದು, ಪತ್ನಿಯ ಹೆಸರಿನ ಲಕ್ಷಣಗಳು ಈಗ ಕಾಣಿಸುತ್ತಿಲ್ಲ” ಎಂದು ಕೇಂದ್ರ ಪ್ರಕಟಿಸಿತು.

ಹುಟ್ಟುಹಬ್ಬಕ್ಕೆ ನೆಂಟರು ಕುರ್ಚಿಗಳನ್ನು ದುಂಡಗೆ ಹಾಕಿಕೊಂಡು ಕೂತು, ಅಲ್ಲಿನ ಪದ್ಧತಿಯಂತೆ ಪರಸ್ಪರ ಅಭಿನಂದಿಸಿಕೊಂಡರು. ಡೌವೆ ಹೂಗುಚ್ಛ ಹಿಡಿದು ಬಂದ. ಹೆಂಡತಿಯನ್ನೇ ಬಹಳ ಹೊತ್ತು ನೋಡಿದ. ಕಣ್ಣು ತುಂಬಿ ಬಂತು.

“ಏಣಿ,” ಅಂದ.

ನಾದಿನಿ ಬೌಕ್ಯೆ ಹೇಳಿದಳು, “ಎಷ್ಟು ಸ್ಪಷ್ಟವಾಗಿ ಅಂದ ನೋಡ್ರೇ! ಹೋದ ತಿಂಗಳು ಇದೂ ಇರ್ಲಿಲ್ಲ. ನೀನೂ ಹಟ ಮಾಡ್ಬೇಡ ಅತ್ತಿಗೆ, ಕೇಂದ್ರದವರ ದೀಪವೇ ಹಸಿರಾಗಿದೆ.” ಎಲ್ಲರೂ ಚಪ್ಪಾಳೆ ತಟ್ಟಿ, ಏಣಿಗೆ ನೂರು ವರ್ಷ ಆಯಸ್ಸು ಹಾರೈಸಿದರು.

ಆಫ್ಕೆ ಎದ್ದು ಶೌಚಾಲಯಕ್ಕೆ ಹೋಗಿ ಚಿಲಕ ಹಾಕಿಕೊಂಡಳು. ಆ ಸೀಮೆಯ ಎಲ್ಲರ ಮನೆಯಂತೆ ಅಲ್ಲೂ ಗೋಡೆಯ ಮೇಲೆ ಬಂಧುಬಳಗದ ಹುಟ್ಟುಹಬ್ಬಗಳ ಕ್ಯಾಲೆಂಡರ್ ತೂಗುತ್ತಿತ್ತು. ಅಂದಿನ ತಾರೀಖಿನ ಎದುರಿದ್ದ ತನ್ನ ಹೆಸರನ್ನು ಪೆನ್ಸಿಲಿನಿಂದ ಹೊಡೆದುಹಾಕಿ, ಪಕ್ಕದಲ್ಲಿ ‘ಏಣಿ’ ಎಂದು ದುಂಡಗೆ ಬರೆದಳು.

“ಏಣೀ!” ಹೊರಗಿನಿಂದ ಡೌವೆಯ ದನಿ.

“ಬಂದೆ ಕಣೋ,” ಅಂದಳು.