ಹೆಬ್ಬೆರಳಿಗೊಂದು ಟ್ಯೂಬು

ದೊಡ್ಡ ಗಾಯವಾದವನು ಪುಣ್ಯವಂತ. ಅವನನ್ನು ನಾಲ್ಕು ಜನ ಎತ್ತಿಕೊಂಡು ಹೋಗುತ್ತಾರೆ, ಮೂಸಂಬಿ ತಂದು ಕೊಡುತ್ತಾರೆ, ಮಗ್ಗುಲಲ್ಲಿ ಕೂತು ಪಿಸುಮಾತಾಡುತ್ತಾರೆ. ಸಣ್ಣ ಗಾಯವಾದವನಿಗೆ ಯಾರೂ ಇಲ್ಲ. ಅವನೇ ರೋಗಿ, ಅವನೇ ನರ್ಸು, ನೋಡಲು ಬರುವ ನೆಂಟನೂ ಅವನೇ. ಹಳಿಯಾಳದ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದ ನಾನು ಸಾಮ್ರಾಜ್ಯಗಳ ಸೋಲನ್ನೇ ಬೋರ್ಡಿನ ಮೇಲೆ ಬರೆದು ಒರೆಸಿದವನು. ನನ್ನ ಬಲಗಾಲಿನ ಹೆಬ್ಬೆರಳಿನ ಕಥೆಯನ್ನು ಮಾತ್ರ ಒರೆಸಲು ಹೆಂಡತಿ ಸರೋಜ ಇಂದಿಗೂ ಬಿಟ್ಟಿಲ್ಲ. ಬಲಗಾಲು ಎಂಬುದು ನನ್ನ ನೆನಪು. ನೆನಪೆಂಬ ಸಾಕ್ಷಿಯನ್ನು ಪೂರ್ತಿ ನಂಬಬೇಡಿ ಎಂದು ಹುಡುಗರಿಗೆ ಹೇಳುತ್ತಿದ್ದವನೂ ನಾನೇ.

ಸರೋಜ ಚಿಗಳ್ಳಿಯವಳು. ಚಿಕ್ಕವಳಿದ್ದಾಗ ಕೆರೆಯಲ್ಲಿ ಮುಳುಗಿ ಕಣ್ಣು ಬಿಟ್ಟು ನೋಡುತ್ತಿದ್ದಳಂತೆ. ಕೆಸರು ಬಿಟ್ಟು ಏನೂ ಕಾಣುತ್ತಿರಲಿಲ್ಲವಂತೆ. ಆ ಕೆಸರಿನಾಚೆ ಏನೋ ಇದೆ ಎಂಬ ಹಟ ಅವಳನ್ನು ಬಿಡಲೇ ಇಲ್ಲ. ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಕರೆದೊಯ್ದು, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ಸಮುದ್ರದೊಳಗೆ ಇಳಿಸುತ್ತಾರೆ ಎಂಬ ಸುದ್ದಿ ನಮ್ಮ ಕಡೆಗೆ ಆಗಷ್ಟೇ ಬಂದಿತ್ತು. ಮೊಬೈಲುಗಳಿಗೆ ಇನ್ನೂ ಗುಂಡಿಗಳಿದ್ದ ಕಾಲ. ಕ್ರಿಸ್‌ಮಸ್ ರಜೆಗೆ ಹೋಗುವುದೆಂದಾಯಿತು. ಅಂದಿನಿಂದ ಅವಳು ಮೂಗಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿಕೊಂಡು ರೊಟ್ಟಿ ಬಡಿಯತೊಡಗಿದಳು. "ಅಲ್ಲಿ ಬಾಯೀಲೇ ಉಸರಾಡಬೇಕಂತ್ರಿ. ರೂಢಿ ಆಗಬೇಕಲ್ಲ?" ಎಂದಳು, ಮೂಗಿಲ್ಲದ ದನಿಯಲ್ಲಿ.

ಹೊರಡುವ ವಾರವೇ ನನಗೆ ಗಾಯವಾಯಿತು. ಕಬ್ಬಿನ ಹಂಗಾಮು, ಫ್ಯಾಕ್ಟರಿಗೆ ಹೋಗುವ ಟ್ರ್ಯಾಕ್ಟರಿನಿಂದ ಬಿದ್ದಿದ್ದ ಜಲ್ಲೆಯೊಂದನ್ನು ಎಡವಿ ಹೆಬ್ಬೆರಳಿನ ಉಗುರಿನ ಪಕ್ಕ ಸೀಳಿತು. ಡಾಕ್ಟರು ಒಂದು ಪಟ್ಟಿ ಅಂಟಿಸಿ, "ಏನೂ ಆಗಿಲ್ಲ, ಆರಾಮ ಹೋಗಿ ಬರ್ರಿ" ಎಂದರು. ಗಾಯಕ್ಕಿಂತ ಆ ಮಾತು ಹೆಚ್ಚು ನೋಯಿಸಿತು. ಉಪ್ಪುನೀರು ತಾಗಿ ಕೀವಾದರೆ? ಬೆರಳೇ ಹೋದರೆ? ಬಸ್ ಸ್ಟ್ಯಾಂಡಿನ ಹತ್ತಿರ ಪಂಕ್ಚರ್ ಅಂಗಡಿಯ ಇಮಾಮಸಾಬರಿಗೆ ನನ್ನ ಚಿಂತೆ ಹೇಳಿಕೊಂಡೆ. ಅವರೊಬ್ಬರೇ ಅದನ್ನು ಗಂಭೀರವಾಗಿ ತೆಗೆದುಕೊಂಡರು. ಟ್ರ್ಯಾಕ್ಟರಿನ ಮುಂದಿನ ಚಕ್ರದ ಹಳೆಯ ಟ್ಯೂಬು ಕತ್ತರಿಸಿ, ಒಂದು ತುದಿ ಮುಚ್ಚಿ, ಸೊಲ್ಯೂಶನ್ ಬಳಿದು, ಮೊಣಕಾಲಿನವರೆಗೆ ಬರುವ ಕಾಲುಚೀಲ ಮಾಡಿದರು. ನನಗೆ ತೊಡಿಸಿ, ಬಾಯನ್ನು ರಬ್ಬರ್ ಪಟ್ಟಿಯಿಂದ ಬಿಗಿದು, ಪಂಕ್ಚರ್ ನೋಡುವ ನೀರಿನ ತೊಟ್ಟಿಯಲ್ಲಿ ನನ್ನ ಕಾಲು ಅದ್ದಿ ಗುಳ್ಳೆ ಬರುತ್ತದೋ ಎಂದು ಬಗ್ಗಿ ನೋಡಿದರು.

"ಒಂದ್ ಗುಳ್ಳಿ ಇಲ್ರೀ ಸರ. ಹೊರಗಿನ ನೀರು ಒಳಗ ಬರಂಗಿಲ್ಲ, ಒಳಗಿನ ಗಾಳಿ ಹೊರಗ ಹೋಗಂಗಿಲ್ಲ. ಗ್ಯಾರಂಟಿ!"

ಆ ಮಾತಿನ ಎರಡನೆಯ ಅರ್ಧದ ಬಗ್ಗೆ ನಾನಾಗಲಿ ಅವರಾಗಲಿ ಯೋಚಿಸಲಿಲ್ಲ.

ದೋಣಿಯಲ್ಲಿ ನಮ್ಮಿಬ್ಬರನ್ನೂ ಇಳಿಸಬೇಕಾದ ತರಬೇತುದಾರ ಕರಾವಳಿಯವನು. ನನ್ನ ಕಾಲು ನೋಡಿ, "ಇದೆಂತ ಸರ್? ತೆಗೀರಿ, ಉಪ್ಪುನೀರು ಗಾಯಕ್ಕೆ ಎಂತ ಮಾಡೂದಿಲ್ಲ" ಎಂದ. ನಾನು ವಾದಿಸಿದೆ. ಇತಿಹಾಸದ ಮೇಷ್ಟರು ವಾದಿಸತೊಡಗಿದರೆ ಎದುರಿನವರು ಒಪ್ಪುವುದಿಲ್ಲ, ಸುಸ್ತಾಗುತ್ತಾರೆ. "ಅವರ ಮಾತ ಕೇಳ್ರಲ್ಲ" ಎಂದು ಸರೋಜ ಬೇಡಿಕೊಂಡಳು. "ಬೆರಳು ನಿಂದಲ್ಲ" ಎಂದೆ.

ಅವನು ಎಡಗೈಯಲ್ಲಿ ಅವಳನ್ನು, ಬಲಗೈಯಲ್ಲಿ ನನ್ನನ್ನು ಹಿಡಿದು ಇಳಿಸಿದ. ಒಬ್ಬರಿಗೆ ತೊಂದರೆಯಾದರೆ ಇಬ್ಬರೂ ಮೇಲೆ ಬರಬೇಕು. ಅದು ಮೊದಲೇ ಹೇಳಿದ ನಿಯಮ. ನೀರು ನೀಲಿಯಾಗತೊಡಗಿತು. ಅಷ್ಟರಲ್ಲಿ ನನ್ನ ಕಾಲೊಂದು ನನ್ನನ್ನು ಕೇಳದೆ ಮೇಲಕ್ಕೆ ಹೊರಟಿತು. ಇಮಾಮಸಾಬರ ಗ್ಯಾರಂಟಿ ಅದು. ಹಳಿಯಾಳದಿಂದ ತಂದ ಚೀಲದಲ್ಲಿ ತುಂಬಿದ್ದ ಗಾಳಿ ಆಕಾಶಕ್ಕೆ ಮರಳಲು ಹಟ ಹಿಡಿದಿತ್ತು. ಕಾಲು ಮೇಲೆ, ತಲೆ ಕೆಳಗೆ. ಕೈಗೆ ಸಿಕ್ಕಿದ್ದನ್ನು ಹಿಡಿದೆ. ಸಿಕ್ಕಿದ್ದು ಸರೋಜಳ ಜಡೆ. ತರಬೇತುದಾರ ಒಂದು ಕೈ ಬಿಡಿಸಿಕೊಂಡು ಹೆಬ್ಬೆರಳನ್ನು ಮೇಲಕ್ಕೆತ್ತಿ ತೋರಿಸಿದ. ಭೇಷ್ ಎನ್ನುತ್ತಿದ್ದಾನೆ ಎಂದುಕೊಂಡೆ. ಸಮುದ್ರದಲ್ಲಿ ಅದರ ಅರ್ಥ ಮೇಲಕ್ಕೆ ನಡೆಯಿರಿ ಎಂದು.

ದೋಣಿಯಲ್ಲಿ ಮುಂದಿನವರು ಸಿಲಿಂಡರ್ ಕಟ್ಟಿಕೊಂಡು ಕಾಯುತ್ತಿದ್ದರು. ನಮ್ಮ ಸರದಿ ಮುಗಿದಿತ್ತು. ಚೀಲ ಬಿಚ್ಚಿ, ಒಂದು ಹನಿ ನೀರೂ ತಾಗದ ಬೆರಳನ್ನು ಎಲ್ಲರಿಗೂ ತೋರಿಸಿದೆ. ಯಾರೂ ಹತ್ತಿರ ಬಂದು ನೋಡಲಿಲ್ಲ. ಸರೋಜ ಒದ್ದೆ ಜಡೆ ಹಿಂಡುತ್ತ ಬೇರೆ ಕಡೆ ತಿರುಗಿ ಕೂತಿದ್ದಳು.

ಆಮೇಲೆ ಹೋಗಲಾಗಲಿಲ್ಲ. ಅವಳಿಗೆ ಕಿವಿಯ ತೊಂದರೆ ಶುರುವಾಯಿತು. ಇನ್ನು ನೀರೊಳಗೆ ಇಳಿಯಲೇಬಾರದೆಂದು ಡಾಕ್ಟರು ಹೇಳಿಬಿಟ್ಟರು. ಮನೆಗೆ ಬಂದವರು ಸಮುದ್ರದಾಗ ಏನ್ ನೋಡ್ದಿ ಎಂದು ಕೇಳಿದರೆ, "ನಮ್ಮನಿಯವರ ಕಾಲು" ಎನ್ನುತ್ತಾಳೆ. ಬಂದವರು ನಗುತ್ತಾರೆ. ಅವಳು ನಗುವುದಿಲ್ಲ.

ಮೊನ್ನೆ ಚಿಗಳ್ಳಿಯಿಂದ ಬಂದ ಅವಳ ತಂಗಿಗೆ ಸರೋಜ ಅದೇ ಕಥೆ ಹೇಳುತ್ತಿದ್ದಳು. "ಎಡಗಾಲು ಹಿಂಗ ಮ್ಯಾಲ ಹೋತು" ಎಂದಳು. ಕಥೆ ಹೇಗೂ ನನ್ನ ಕೈತಪ್ಪಿ ಹೋಗಿದೆ, ಒಂದು ಸಂಗತಿಯನ್ನಾದರೂ ಉಳಿಸಿಕೊಳ್ಳೋಣವೆಂದು, "ಬಲಗಾಲು" ಎಂದೆ.

"ಎಡಗಾಲ್ರೀ. ನಾ ನೋಡಿದ್ದ ಅದೊಂದ. ನನಗ ಗೊತ್ತಿರಂಗಿಲ್ಲೇನು?"

"ಹಂಗಾರ ತೋರಸ್ರಿ ಭಾವಾರ, ಕಲೆ ಇರಬೇಕಲ್ಲ" ಎಂದಳು ತಂಗಿ.

ಕನ್ನಡಕ ಹಾಕಿಕೊಂಡು, ಎರಡೂ ಕಾಲನ್ನು ಕುರ್ಚಿಯ ಮೇಲಿಟ್ಟು, ಹೆಬ್ಬೆರಳುಗಳನ್ನು ಹೊರಳಿಸಿ ಹೊರಳಿಸಿ ನೋಡಿದೆ. ಸರೋಜಳೂ ಬಗ್ಗಿ ನೋಡಿದಳು. ಎರಡರಲ್ಲೂ ಒಂದು ಗೀರಿಲ್ಲ. ಅಷ್ಟು ಚೆನ್ನಾಗಿ ಕಾಪಾಡಿದ್ದೆ.