ನನ್ನ ಕಿವಿಯನ್ನು ಈಚೆಗೆ ಬಿಟ್ಟ ತಗಡಿನ ಕಟ್ಟಿನವರಿಗೆ

ನಮ್ಮ ನಡುಮನೆಯ ಗೋಡೆಯಲ್ಲಿ ವಿರಾಜಮಾನರಾಗಿರುವ, ಎಳೆದರೆ ಹಿಗ್ಗುವ, ನೂಕಿದರೆ ಕುಗ್ಗುವ, ತುಕ್ಕು ಹಿಡಿದರೂ ಠೀವಿ ಬಿಡದ, ಪಟದ ಸುತ್ತಿನ ತಗಡಿನ ಕಟ್ಟಿನವರ ಸನ್ನಿಧಿಗೆ, ಕಾಮಗೆರೆಯ ಚನ್ನಾಜಮ್ಮ ಮಂಡಿನೋವಿನಿಂದ ಬಗ್ಗಲಾರದೆ ನಿಂತಲ್ಲಿಂದಲೇ ಮಾಡುವ ಶರಣಾರ್ಥಿ.

ಮಾನ್ಯರೇ,

ನಾನು ಎರಡನೇ ಕ್ಲಾಸಿಗೇ ಸ್ಲೇಟು ಒಡೆದುಕೊಂಡು ಮನೆಗೆ ಬಂದವಳು, ಆದ್ದರಿಂದ ಒತ್ತು ದೀರ್ಘ ತಪ್ಪಿದ್ದರೆ ತಾವು ನನ್ನನ್ನು ಮುಚ್ಚಿದ ಹಾಗೆ ಅವನ್ನೂ ಮುಚ್ಚಿಕೊಳ್ಳಬೇಕು. ಈ ಪತ್ರವನ್ನು ಬರೆದು ಮುಗಿಸಿ ತಮ್ಮ ಕೆಳಗೇ ಅನ್ನದ ಅಗುಳಿನಲ್ಲಿ ಅಂಟಿಸುವವಳಿದ್ದೇನೆ. ಮನೆಗೆ ಬಂದವರೆಲ್ಲ ಓದಲಿ, ಓದು ಬಾರದವರು ಓದಿಸಿಕೊಳ್ಳಲಿ.

ಮೊದಲಿಗೆ ತಮ್ಮ ವಂಶದ ಹೊಗಳಿಕೆ. ನನ್ನ ಮದುವೆಯಲ್ಲಿ ಬಂದ ಕನ್ನಡಿಯ ಮರದ ಕಟ್ಟನ್ನು ಗೆದ್ದಲು ತಿಂದು, ಗಾಜು ಕೆಳಗೆ ಬಿದ್ದು ಒಂದು ಪಕ್ಕ ಸೀಳು ಬಿಟ್ಟಿತು. ಒಡೆದ ಕನ್ನಡಿ ಮನೆಯಲ್ಲಿರಬಾರದೆಂದು ಸೊಸೆ ಪುಟ್ಟಗೌರಮ್ಮ ಅದನ್ನು ತಿಪ್ಪೆಗೆ ಹೊರಡಿಸಲು ನೋಡಿದಳು, ಹೊಸ ಕಟ್ಟು ಹಾಕಲು ಬಡಗಿ ಪುಟ್ಟಸಿದ್ದಯ್ಯ ಹೇಳಿದ ಬೆಲೆ ಕೇಳಿ ನನಗೂ ಒಂದು ಸೀಳು ಬಿಟ್ಟ ಹಾಗಾಯಿತು. ಆಗ ಕೊಳ್ಳೇಗಾಲದ ಸಂತೆಯಲ್ಲಿ ಸಿಕ್ಕಿದವರು ತಮ್ಮ ಅಣ್ಣನವರು. ನಾಲ್ಕು ಬೆರಳಗಲದ ಹೂಬಳ್ಳಿಯ ಎರಡು ತಗಡುಪಟ್ಟಿ, ಬಾಗಿಲಿನ ಹಾಗೆ ಗಾಜಿನ ಮೇಲೆ ಒಳಕ್ಕೂ ಹೊರಕ್ಕೂ ಸರಿಯುವುದು, ಬೇಕಾದಲ್ಲಿ ನಿಲ್ಲಿಸಲು ಒಂದೊಂದು ತಿರುಪು. ಮಾರುವವನು “ತಕ್ಕಳಿ ಅವ್ವಾ, ಪಟಕ್ಕೂ ಆಯ್ತದೆ, ಕನ್ನಡೀಗೂ ಆಯ್ತದೆ, ಬ್ಯಾಡ್ದೋರ್ನ ಒಳೀಕ್ ತಳ್ಳಿ ತಿರುಪ್ಬುಡಿ!” ಎಂದು ಕೂಗುತ್ತಿದ್ದ. ತಂದು ಹಾಕಿ ಪಟ್ಟಿ ನೂಕಿದೆ, ಸೀಳು ಮಾಯವಾಯಿತು. ಕನ್ನಡಿ ಹೊಸದಾಯಿತು, ಅದರೊಳಗಿನ ಮುದುಕಿ ಮಾತ್ರ ಹಳಬಳೇ ಉಳಿದಳು. ಅದು ಅಣ್ಣನವರ ತಪ್ಪಲ್ಲ.

ಈಗ ತಮ್ಮ ವಿಚಾರ. ನಮ್ಮ ಯಜಮಾನರು ಶಿವನ ಪಾದ ಸೇರಿ ಮೂರು ವರ್ಷವಾಯಿತು. ಅವರ ಹೆಸರನ್ನು ನಾನು ಇಂದಿಗೂ ಬಾಯಲ್ಲಿ ಹೇಳುವವಳಲ್ಲ, ಪಟದ ಹಿಂದೆ ಬರೆದಿದೆ, ತಮ್ಮ ಬೆನ್ನಿಗೆ ಗೊತ್ತಿರುತ್ತದೆ. ಅವರಿಗೆ ಇರುವುದು ಅದೊಂದೇ ಪಟ, ಅದರಲ್ಲಿ ನಾನೂ ಇದ್ದೇನೆ, ಅದೇ ತಾಪತ್ರಯ. ಸತ್ತವರ ಪಟಕ್ಕೆ ಹಾರ ಹಾಕಬೇಕು, ಬದುಕಿದವರ ಪಟಕ್ಕೆ ಹಾಕಬಾರದು, ಒಂದೇ ಕಾಗದದಲ್ಲಿ ಒಬ್ಬರು ಸತ್ತು ಒಬ್ಬರು ರಾಗಿಮುದ್ದೆ ಉಣ್ಣುತ್ತಿದ್ದರೆ ಹಾರ ಏನು ಮಾಡಬೇಕು? ಮುಳ್ಳೂರಿಗೆ ಕೊಟ್ಟ ನಮ್ಮ ನಾದಿನಿ ದೊಡ್ಡಬಸಮ್ಮನಿಗೆ ಇದು ಚಿಂತೆಯೇ ಅಲ್ಲ. “ಅತ್ಗೆಮ್ಮ, ನಿಮ್ ಕಡೆ ಕತ್ತರ್ಸಿ ತಗದ್ಬುಡಾವ, ನಮ್ಮಣ್ಣಯ್ಯನ್ ಕಡೆ ಕಟ್ಟಾಕ್ಸಾವ” ಎಂದು ತಿಂಗಳ ತಿಥಿ ಮುಗಿಯುವ ಮೊದಲೇ ಕತ್ತರಿ ಹಿಡಿದಿದ್ದಳು.

ಕತ್ತರಿಸಬಹುದಿತ್ತು, ನನ್ನ ಮುಖಕ್ಕೇನೂ ಅಂಥ ನಷ್ಟವಿರಲಿಲ್ಲ; ಪಟ ತೆಗೆಸುವಾಗ ರೆಪ್ಪೆ ಹೊಡೆದು ನಿದ್ದೆಗೆಟ್ಟ ಗೂಬೆಯ ಹಾಗಿದ್ದೇನೆ. ಆದರೆ ಫೋಟೋದವನು ಕುರ್ಚಿಯ ಮೇಲೆ ಕೈ ಇಡಿ ಎಂದರೆ, ನಮ್ಮ ಯಜಮಾನರು ಗಾಬರಿಯಲ್ಲಿ ನನ್ನ ಬೆನ್ನ ಹಿಂದಿನಿಂದ ಆಚೆಬದಿಯ ಭುಜದ ಮೇಲೆ ಇಟ್ಟರು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ನಾಲ್ಕು ಜನರೆದುರು ಅವರು ನನ್ನನ್ನು ಮುಟ್ಟಿದ್ದು ಅದೊಂದೇ ಸಲ. ನನ್ನ ಕಡೆ ಕತ್ತರಿಸಿದರೆ ಅವರ ಕೈಯೂ ಹೋಗುತ್ತದೆ. ಇದನ್ನು ನಾದಿನಿಗೆ ಬಾಯಿಬಿಟ್ಟು ಹೇಳಲು ನಾಚಿಕೆಯಾಗಿ “ಕಾಗದ ಹಾಳಾಯ್ತದೆ” ಎಂದೆ. ಅವಳು ಪಟದ ಮೇಲೆ ಕತ್ತರಿ ಇಟ್ಟು ಅಳೆದು “ಕೈ ಓದ್ರೆ ಓಯ್ತು, ಮೊಕ ಇದ್ಯಲ್ಲ” ಎಂದಳು. ಮರುಸಂತೆಗೇ ಹೋಗಿ ತಮ್ಮನ್ನು ಕರೆತಂದೆ. ಕನ್ನಡಿಯ ಸೀಳು ಮುಚ್ಚಿದವರಿಗೆ ನನ್ನನ್ನು ಮುಚ್ಚುವುದು ಯಾವ ಕಷ್ಟ?

ಮುಚ್ಚಿದಿರಿ, ಬಹಳ ಚೆನ್ನಾಗಿ ಮುಚ್ಚಿದಿರಿ. ನಮ್ಮ ಯಜಮಾನರ ತೋಳು ತಮ್ಮ ಹೂಬಳ್ಳಿಯೊಳಗೆ ಹೊಕ್ಕು, ಯಾರದೋ ಮನೆಯ ಬೆಲ್ಲದ ಡಬ್ಬಿಗೆ ಕೈ ಹಾಕಿದಂತೆ ಕಾಣುವುದೊಂದು ಬಿಟ್ಟರೆ ಕುಂದಿಲ್ಲ. ಪಟ ನೋಡಲು ಬಂದ ನೆರೆಮನೆಯ ಮಹದೇವಯ್ಯನವರು “ಯಜಮಾನ್ರು ಕೈಯ ಎಲ್ ಮಡೀಕಂಡವ್ರವ್ವಾ?” ಎಂದು ಕೇಳಿದಾಗ ನಾನು ಜೇಬಿನಲ್ಲಿ ಎಂದುಬಿಟ್ಟೆ. ಉಟ್ಟಿರುವುದು ಪಂಚೆ.

ಇಷ್ಟಕ್ಕೇ ನಿಂತಿದ್ದರೆ ಈ ಪತ್ರ ಬರುತ್ತಿರಲಿಲ್ಲ. ರಾಮಾಪುರದ ಬಸ್ಸು ಬೀದಿಯಲ್ಲಿ ಹಾದಾಗಲೆಲ್ಲ ಗೋಡೆ ಅದುರಿ, ತಮ್ಮ ತಿರುಪು ಸಡಿಲವಾಗಿ, ಪಟ್ಟಿ ಎಳ್ಳಷ್ಟು ಎಳ್ಳಷ್ಟು ಸರಿದು, ಒಂದು ಬೆಳಗ್ಗೆ ಓಲೆ ಸಮೇತ ನನ್ನ ಕಿವಿ ಈಚೆಗೆ ಬಂತು. ಸೊಸೆ ಪೊರಕೆ ಬಿಟ್ಟು “ಅತ್ತೆಮ್ಮಾ, ನೀವು ಈಚ್ಗ್ ಬತ್ತಾ ಇದೀರಿ!” ಎಂದು ಕೂಗಿದಳು. ಸುದ್ದಿ ಮುಳ್ಳೂರಿಗೆ ಮುಟ್ಟಿ ನಾದಿನಿ “ಅಣ್ಣಯ್ಯ ಕರೀತಾವ್ನೆ ಕಣ್ರಮ್ಮಾ” ಎಂದು ಅತ್ತುಕೊಂಡೇ ಬಂದಳು. ಇನ್ನೇನು ನಾನೂ ಹೊರಟವಳೆಂದು ಆ ವಾರವಿಡೀ ನನಗೆ ಬಿಸಿನೀರು, ತುಪ್ಪ, ಎರಡು ದಿಂಬು. ನಲವತ್ತು ವರ್ಷ ನನ್ನ ಸಾರಿಗೆ ಉಪ್ಪು ಸಾಲದೆಂದವಳು ಕೂತು ನನ್ನ ಕಾಲು ಒತ್ತಿದಳು.

ಈಗ ಒಂದು ತಪ್ಪೊಪ್ಪಿಗೆ. ಕಿವಿಯನ್ನು ಹೊರಗೆ ಬಿಟ್ಟವರು ತಾವು, ಒಪ್ಪುತ್ತೇನೆ. ಆದರೆ ತುಪ್ಪ ತೆಳ್ಳಗಾಗಲು ಶುರುವಾದ ಮೇಲೆ ಕೆನ್ನೆಯನ್ನು ಹೊರಗೆ ಬಿಟ್ಟವಳು ನಾನೇ, ತಲೆಯ ಪಿನ್ನಿನಲ್ಲಿ. ಯುಗಾದಿಗೆ ಮೂಗಿನ ತುದಿಯನ್ನೂ ಬಿಟ್ಟೆ, ಹೋಳಿಗೆಗೆ ಅಷ್ಟು ಬೇಕಾಗಿತ್ತು. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟಿಷ್ಟೇ ಸಾಯುವ ಅನುಕೂಲ ಯಾವ ಬಡಗಿಯ ತೇಗದ ಕಟ್ಟಿನಲ್ಲಿದೆ?

ನನ್ನ ಪಿನ್ನಿನ ಆಟದಿಂದ ತಿರುಪಿನ ಹಲ್ಲು ಸವೆದದ್ದು ನನಗೆ ಹೊಳೆಯಲೇ ಇಲ್ಲ. ಮೊನ್ನೆ ಹಿರಿಯರ ಹಬ್ಬದ ದಿನ, ಹಾರ ಹಾಕಿ, ಎಡೆಯಿಟ್ಟು, ಎಲ್ಲರೂ ಕೈಮುಗಿದು ನಿಂತಿದ್ದಾಗ ಬಸ್ಸು ಬಂತು, ತಾವು ಕಿರ್ರೆಂದು ಪೂರ್ತಿ ತೆರೆದುಕೊಂಡಿರಿ. ಹಾರ ಇಬ್ಬರಿಗೂ ಬಿತ್ತು. ನನ್ನ ಎಡೆಗೆ ನಾನೇ ಕೈಮುಗಿದು ನಿಂತಿದ್ದೆ, ರೆಪ್ಪೆ ಹೊಡೆದುಕೊಂಡು. ಎಲ್ಲರೂ ಗೋಳಾಡುವಾಗ ನಾನು ಮಾತ್ರ ಪಟದ ಹತ್ತಿರ ಹೋಗಿ ನೋಡಿದೆ: ಮೂರು ವರ್ಷದ ಮೇಲೆ ಕೈ ಕಂಡಿತ್ತು. ಹೆಬ್ಬೆರಳಿನ ಉಗುರು ಕುಡುಗೋಲು ತಗುಲಿ ಸೀಳಿದ್ದೂ ಕಂಡಿತು. ನಾದಿನಿ ಕಣ್ಣೊರೆಸಿಕೊಂಡು “ಈ ತಗ್ಡು ನಂಬಂಗಿಲ್ಲ, ಸ್ವಾಮಾರ ಬತ್ತೀನಿ, ನಾನೇ ಕತ್ತರ್ಸ್ತೀನಿ” ಎಂದು, ಕತ್ತರಿಯನ್ನು ಇಲ್ಲೇ ಇಟ್ಟು ಹೋಗಿದ್ದಾಳೆ.

ಆದ್ದರಿಂದ ಮಾನ್ಯರಲ್ಲಿ ಅರಿಕೆ. ಪಟ್ಟಿಯನ್ನು ನನ್ನ ಮುಖದ ಮೇಲಕ್ಕೆ ನೂಕಿ, ಅದರಾಚೆ ಭುಜದಷ್ಟು ಸಂದು ಬಿಟ್ಟು, ತಿರುಪಿಗೆ ದಾರ ಸುತ್ತಿ, ಅರಗು ಕರಗಿಸಿ ಹಾಕಿದ್ದೇನೆ. ನನ್ನ ಮುಖ, ಮೂಗು, ಓಲೆ ಎಲ್ಲ ಒಳಗೇ ಇರಲಿ, ಭುಜವೊಂದು, ಅದರ ಮೇಲಿನ ಕೈಯೊಂದು ಹೊರಗಿರಲಿ. ಎಷ್ಟು ಬಸ್ಸು ಬಂದರೂ ಅಲ್ಲಿಂದ ಆಚೆಗೂ ಸರಿಯಬೇಡಿ, ಈಚೆಗೂ ಸರಿಯಬೇಡಿ. ಬದುಕಿದವಳ ಭುಜಕ್ಕೆ ಹಾರ ಹೇಗೆ ಎಂದು ಯಾರಾದರೂ ಕೇಳಿದರೆ, ಆ ಭುಜ ಅವರ ಜೊತೆಗೇ ಹೋಯಿತು, ಮಿಕ್ಕವಳು ಮುದ್ದೆ ಉಂಡು ಬರುತ್ತಾಳೆ ಎಂದು ಹೇಳಿ. ನಾನು ಬಂದ ದಿನ ಅರಗು ಕೆರೆದು ತೆರೆದರಾಯಿತು, ಹೊಸ ಕಟ್ಟಿನ ಖರ್ಚಿಲ್ಲ.

ಸದ್ಯಕ್ಕೆ ಅರ್ಧ ಮುಚ್ಚಿಕೊಂಡಿರುವ, ತಮ್ಮ ವಿಶ್ವಾಸಿ,
ಚನ್ನಾಜಮ್ಮ

ವಿ.ಸೂ.: ದೊಡ್ಡಬಸಮ್ಮ ಸೋಮವಾರ ಕತ್ತರಿ ಹುಡುಕಿದರೆ, ಅದು ತಮ್ಮ ಬೆನ್ನ ಹಿಂದಿನ ಮೊಳೆಯಲ್ಲೇ ತೂಗುತ್ತಿದೆ. ತೆಗೆದುಕೊಳ್ಳಬೇಕಾದರೆ ಅಣ್ಣನ ಪಟವನ್ನು ಇಳಿಸಿ ಎದೆಗೆ ಒರಗಿಸಿಕೊಳ್ಳಬೇಕಾಗುತ್ತದೆ. ಆಮೇಲೂ ಕತ್ತರಿಸುವ ಮನಸ್ಸಿದ್ದರೆ ನನ್ನ ಕಿವಿಯಿಂದ ಶುರುಮಾಡಲಿ. ಅವಳ ಮಾತು ಕೇಳಿ ಕೇಳಿ ಅದು ಹೇಗೂ ಸವೆದಿದೆ.